ಸೂರಿನ ಮೇಲಿನ ಸಂಪಾದನೆ

ಮಂಗಳವಾರ, ಮಧ್ಯಾಹ್ನ
(ಅಮ್ಮ ಮಲಗಿದ್ದಾಳೆ)

ನನ್ನ ಮುದ್ದಿನ ಕೋತಿ,

ಏಣಿ, ಕಂಬ, ಸೂರು ಏನು ಕಂಡರೂ ಹತ್ತುವ ತಂಗಿಯನ್ನು ಇನ್ನೇನೆಂದು ಕರೆಯಲಿ? ಮೂರು ತಿಂಗಳಿಂದ ಮಾತು ಬಿಟ್ಟಿದ್ದ ಅಕ್ಕ ಈಗ್ಯಾಕೆ ಬರೆದಳು ಎಂದು ಹುಬ್ಬೇರಿಸಬೇಡ. ಗೆದ್ದೆ ಕಣೇ! ಸರ್ಕಾರದವರು ನಿಲ್ಲಿಸಿದ್ದ ಅಮ್ಮನ ಆರೈಕೆ ಭತ್ಯೆಯನ್ನು ನನಗೆ ಮತ್ತೆ ಕೊಡುತ್ತಾರೆ, ಬಾಕಿಯನ್ನೂ ಸೇರಿಸಿ. ಅಮ್ಮ ಎಲ್ಲಿಗೂ ಹೋಗುವುದಿಲ್ಲ.

ಭತ್ಯೆ ಬರದಿದ್ದರೆ ನಾನು ಮತ್ತೆ ಹೊಲಿಗೆ ಕಾರ್ಖಾನೆ ಸೇರಬೇಕಿತ್ತು, ಹಾಸಿಗೆ ಹಿಡಿದ ಅಮ್ಮನನ್ನು ಆರೈಕೆ ಕೇಂದ್ರಕ್ಕೆ ಬಿಡಬೇಕಿತ್ತು. ಅಲ್ಲಿ ಅವಳಿಗೆ ಕೊಡುವ ಮಂಚವನ್ನೂ ನೋಡಿ ಬಂದಿದ್ದೆ. ಕಿಟಕಿ ತೆಗೆದರೆ ಕಾಣುವುದು ಇನ್ನೊಂದು ಗೋಡೆ. ಆ ಸಂಜೆಯೇ ನಿನಗೆ ಫೋನ್ ಮಾಡಿ, ನಿನ್ನ ಸೋಲಾರ್ ಪ್ಯಾನೆಲ್‌ಗಳಿಂದ ಬರುವ ಕಾಸಿಗೇ ಭತ್ಯೆ ನಿಂತಿತು, ಅವೇ ಅಮ್ಮನನ್ನು ಮನೆಯಿಂದ ಹೊರಗೆ ಹಾಕಿದವು ಅಂತ ಬೈದದ್ದು. ಅದೂ ಯಾರಿಗೆ? ಎರಡು ದಿನ ಬಿಸಿಲಲ್ಲಿ ಕೂತು ಕೈಯಾರೆ ಅವನ್ನು ಜೋಡಿಸಿಕೊಟ್ಟವಳಿಗೆ! ಎಲುಬಿಲ್ಲದ ನಾಲಿಗೆ ಅಂತಾರಲ್ಲ, ನನ್ನದಕ್ಕೆ ಲಗಾಮೂ ಇಲ್ಲ.

ಇನ್ನೊಂದು ಹೇಳುತ್ತೇನೆ, ನಗಬೇಡ. ಭತ್ಯೆ ನಿಂತ ವಾರ ನಾನೇ ಸೂರು ಹತ್ತಿ, ಬಿಡಿಗಾಸೂ ಹುಟ್ಟಬಾರದು ಅಂತ ಪ್ಯಾನೆಲ್‌ಗಳಿಗೆಲ್ಲ ಹಳೆಯ ಹೊದಿಕೆ ಹೊದಿಸಿದೆ. ಮಾರನೇ ದಿನ ಗಾಳಿಗೆ ಹೂವಿನ ಹೊದಿಕೆ ಹಾರಿ, ಎದುರಿನ ಡ್ರೈವಿಂಗ್ ಶಾಲೆಯ ಕಾರಿನ ಗಾಜಿಗೆ ಅಂಟಿಕೊಂಡಿತು. ಕಲಿಯುತ್ತಿದ್ದ ಹೆಂಗಸು ಕಿರುಚಿದ್ದು ಬೀದಿಗೆಲ್ಲ ಕೇಳಿತು. ನಮ್ಮ ಸೂರಿಗೂ ಚಳಿಜ್ವರ ಬಂತಾ ಅಂತ ಅಮ್ಮ ಕೇಳಿದಳು.

ಇವತ್ತು ಬೆಳಿಗ್ಗೆ ನನ್ನ ಮೇಲ್ಮನವಿಯ ವಿಚಾರಣೆ. ಮೇಜಿನ ಆಚೆ ದಪ್ಪ ಕನ್ನಡಕದ ಅಧಿಕಾರಿಣಿ. ಉಳಿದ ಕರೆಂಟನ್ನ ವಿದ್ಯುತ್ ಕಂಪನಿಗೆ ಕೊಟ್ಟು ಹಣ ತಗೋತೀರಿ, ಅದು ವ್ಯಾಪಾರದ ಆದಾಯ ತಾನೇ ಅಂದರು. ವ್ಯಾಪಾರ ಅಂತ ಅವರಿಗೆ ಯಾಕನ್ನಿಸಿತೋ, ಬಿಡು. ನಾನು ಅವರದೇ ನಿಯಮಗಳ ಪುಸ್ತಿಕೆ ತೆರೆದೆ. ಹೊಲಿಗೆಯವಳ ಬುದ್ಧಿ, ಬೇಕಾದ ಪುಟಕ್ಕೆ ಕೆಂಪು ದಾರದಲ್ಲಿ ಎರಡು ಹೊಲಿಗೆ ಹಾಕಿ ಗುರುತು ಮಾಡಿದ್ದೆ. ಮನೆಬಳಕೆಗೆಂದು ಸ್ವಂತ ಸೂರಿನ ಮೇಲೆ ತಯಾರಾದ ವಿದ್ಯುತ್ತಿನಲ್ಲಿ ಮಿಕ್ಕಿದ್ದಕ್ಕೆ ಬರುವ ಹಣವನ್ನು ಆದಾಯವೆಂದು ಪರಿಗಣಿಸತಕ್ಕದ್ದಲ್ಲ ಎಂದು ಗಟ್ಟಿಯಾಗಿ ಓದಿದೆ. ಅಂಥಾ ಮನೆಬಳಕೆ ಏನಮ್ಮ ಅಂದರು. ನಮ್ಮಮ್ಮನ ಗಾಳಿ ಹಾಸಿಗೆ ಮೋಟಾರು ಮೇಡಂ, ಅದು ನಿಂತ್ರೆ ಅವಳ ಬೆನ್ನೆಲ್ಲ ಹುಣ್ಣಾಗುತ್ತೆ, ನಾನು ಅಂಗಡಿ ಇಟ್ಟಿಲ್ಲ, ಮಿಕ್ಕಿದ್ದನ್ನ ಕೊಡ್ತೀನಿ ಅಷ್ಟೇ ಅಂದೆ. ಹೇಳಿ ಮುಗಿಯುವವರೆಗೂ ಕೂರಲಿಲ್ಲ. ಅವರು ಆ ಪುಟವನ್ನು ಎರಡು ಸಲ ಓದಿ, ಗುಮಾಸ್ತರಿಂದ ಮುದ್ರೆ ತರಿಸಿದರು. ಢಬ್! ಅಷ್ಟು ಚೆಂದದ ಸದ್ದನ್ನು ನಾನು ಕೇಳಿಯೇ ಇಲ್ಲ ಕಣೇ.

ಮನೆಗೆ ಬಂದವಳೇ ಹೊದಿಕೆಗಳನ್ನೆಲ್ಲ ಕಿತ್ತೆಸೆದೆ. ಮೀಟರು ಜುಮ್ಮಂತ ಓಡುತ್ತಿದೆ. ಅಮ್ಮ ದಿನಕ್ಕೆ ಹತ್ತು ಸಲ ನಿನ್ನನ್ನು ಕೇಳುತ್ತಾಳೆ. ಭಾನುವಾರ ಬಾ. ನಿನ್ನ ಏಣಿ ಇನ್ನೂ ಹಿತ್ತಿಲ ಗೋಡೆಗೆ ಒರಗಿಕೊಂಡೇ ಇದೆ.

ಗೆದ್ದ ಅಮಲಿನಲ್ಲಿರುವ,
ನಿನ್ನ ಅಕ್ಕ

ಕೊನೆಗೊಂದು ಮಾತು: ಮರೆತದ್ದಲ್ಲ, ಧೈರ್ಯ ಸಾಲದೆ ಬಿಟ್ಟದ್ದು. ಭತ್ಯೆ ಮುಂದುವರಿಸಲು ಕೊಟ್ಟ ಅರ್ಜಿಯಲ್ಲಿ ಉದ್ಯೋಗ ಎಂಬಲ್ಲಿ ವಿದ್ಯುತ್ ವ್ಯಾಪಾರ ಎಂದು ಬರೆದದ್ದು ನಾನೇ. ಹದಿನೆಂಟು ವರ್ಷ ಹೊಲಿಗೆಯವಳು ಎಂದು ಬರೆದ ಜಾಗದಲ್ಲಿ ಏನೂ ಇಲ್ಲ ಎಂದು ಬರೆಯಲು ಮನಸ್ಸು ಬರಲಿಲ್ಲ. ಭತ್ಯೆ ನಿಂತದ್ದು ಅದರಿಂದ. ನೋಟಿಸಿನಲ್ಲೇ ಹಾಗಂತ ಇತ್ತು, ನಿನ್ನನ್ನು ಬೈಯುವಾಗಲೇ ನನಗೆ ಗೊತ್ತಿತ್ತು. ತಪ್ಪಾಯ್ತು ಪುಟ್ಟಾ. ಇವತ್ತು ಅಧಿಕಾರಿಣಿಯ ಎದುರೇ ಅದನ್ನು ಹೊಡೆದುಹಾಕಿ ಹೊಸದಾಗಿ ಬರೆದೆ: ಅಮ್ಮನನ್ನು ನೋಡಿಕೊಳ್ಳುವುದು.