ಬೊಟ್ಟಮ್ಮನ ಪರವಾನಗಿ ಕುರಿತು ಮುನಿಲಕ್ಷ್ಮಮ್ಮನವರಿಗೆ

ಚಿಂತಾಮಣಿ
ಫೆಬ್ರವರಿ ೩೦, ೨೧೧೧

ಮುನಿಲಕ್ಷ್ಮಮ್ಮನವರೇ,

ನೀವು ಕದ್ದ ಮಾಲನ್ನು ಕೊಂಡಿರಿ, ಮತ್ತು ಆ ಮಾಲಿಗೆ ಜೀವವಿತ್ತು. ಗುಡ್ಡದ ಒಣಹುಲ್ಲಿನಲ್ಲಿ ಓಡಾಡಬೇಕಿದ್ದ ಅಂಗೈಯಗಲದ ನಕ್ಷತ್ರ ಆಮೆಯೊಂದನ್ನು ಟಿಫಿನ್ ಡಬ್ಬಿಯಲ್ಲಿ ತಂದವನಿಂದ ತೆಗೆದುಕೊಂಡು, ನಿಮ್ಮ ಫ್ಯಾನ್ಸಿ ಸ್ಟೋರಿನ ಕೌಂಟರ್ ಕೆಳಗೆ ನೀಲಿ ಟಬ್ಬಿನಲ್ಲಿ ನೀರು ತುಂಬಿಸಿ ಬಿಟ್ಟಿರಿ. ಆಮೆ ಎಂದ ಮೇಲೆ ನೀರು ಎಂದುಕೊಂಡಿರಿ. ಅದು ನೆಲದ ಆಮೆ, ಅದಕ್ಕೆ ಈಜು ಬರುವುದಿಲ್ಲ. ಎರಡು ದಿನ ಅದು ಟಬ್ಬಿನ ಗೋಡೆಗೆ ಮುಂಗಾಲು ಕೊಟ್ಟು, ಮೂಗನ್ನಷ್ಟೇ ಮೇಲೆತ್ತಿ ನಿಂತಿತ್ತು ಎಂದು ನಿಮ್ಮ ಮಗಳು ಪದ್ಮಾವತಿ ತನ್ನ ಮಗನಿಗೆ ಹೇಳಿದ್ದಾಳೆ. ಆ ಮಗ ನನ್ನ ತಾತ. ನಾನು ನಿಮ್ಮ ಮೊಮ್ಮಗನ ಮೊಮ್ಮಗಳು, ಹೆಸರು ತಂಗಡಿ, ವಯಸ್ಸು ಹತ್ತೊಂಬತ್ತು.

ದಿನಾಂಕ ನೋಡಿ ಗಾಬರಿಯಾಗಬೇಡಿ. ತಿಂಗಳುಗಳನ್ನು ಸಮ ಮಾಡಿದಾಗ ಫೆಬ್ರವರಿಗೂ ಮೂವತ್ತು ದಿನ ಸಿಕ್ಕಿತು. ಇನ್ನೂ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಮೊದಲ ಸಾಲಿನಲ್ಲೇ ಹೀಗೆ ಬೈದದ್ದಕ್ಕೆ ಮಾತ್ರ ಕ್ಷಮೆ ಕೇಳಲಾರೆ, ಅದು ಕಾಯ್ದೆ. ಹಿಂದಿನವರು ತಂದಿಟ್ಟ ಆಮೆಗೆ ಪರವಾನಗಿ ಬೇಕಾದ ಮನೆಯವರು ಮೊದಲು ಆ ತಂದವರಿಗೆ ಕಾಗದ ಬರೆಯಬೇಕು. ಅವರು ಸತ್ತು ಎಷ್ಟು ಕಾಲವಾಗಿದ್ದರೂ ಸರಿಯೇ. ತಪ್ಪನ್ನು ಮೊದಲ ವಾಕ್ಯದಲ್ಲೇ ಹೇಳಬೇಕು. 'ಆಗ ಗೊತ್ತಿರಲಿಲ್ಲ', 'ಎಲ್ಲರೂ ಮಾಡುತ್ತಿದ್ದರು' ಎಂದು ಬರೆದರೆ ಅರ್ಜಿ ವಾಪಸ್ಸು ಬರುತ್ತದೆ. ನಿಮ್ಮ ಕಾಲದಲ್ಲೂ ಕಾನೂನಿತ್ತು ಎಂಬುದು ನನಗೆ ಗೊತ್ತು. ನಕ್ಷತ್ರ ಆಮೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಆಗಲೂ ಅಪರಾಧವೇ. ನಿಮಗೂ ಗೊತ್ತಿದ್ದಿರಬೇಕು, ಇಲ್ಲದಿದ್ದರೆ ಟಬ್ಬಿನ ಮೇಲೆ ರಿಬ್ಬನ್ ಪೆಟ್ಟಿಗೆ ಮುಚ್ಚುತ್ತಿರಲಿಲ್ಲ. ಆಮೆ ಬಂದರೆ ವ್ಯಾಪಾರ ಕುದುರುತ್ತದೆ ಎಂದು ಯಾರೋ ಹೇಳಿದ್ದರು. ವ್ಯಾಪಾರ ಕುದುರಲಿಲ್ಲ. ಆಮೆ ಮಾತ್ರ ಬದುಕಿತು. ಬೆನ್ನ ತುಂಬಾ ಹಳದಿ ಚುಕ್ಕೆ ಕಂಡು, ಬೊಟ್ಟಿನ ಪ್ಯಾಕೆಟ್ಟು ಮಾರುವವರಾದ ನೀವು ಬೊಟ್ಟಮ್ಮ ಎಂದು ಕರೆದಿರಿ. ಈಗಲೂ ಅದೇ ಹೆಸರು.

ಹೌದು, ಅವಳು ಇದ್ದಾಳೆ. ನೀವು ತಿನ್ನಿಸಿದ ಇಡ್ಲಿ, ಕೋಸುಗಳಿಂದ ಅವಳ ಚಿಪ್ಪು ಉಬ್ಬುಬ್ಬಾಗಿ ಎದ್ದಿದೆ. ದಾರ ಕಟ್ಟಲು ಚಿಪ್ಪಿನ ಅಂಚಿನಲ್ಲಿ ನೀವು ಕೊರೆಸಿದ ತೂತು ಹಾಗೇ ಇದೆ. ಎಂಬತ್ತೈದು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಆರು ಜನ ಸತ್ತರು, ಎಂಟು ಜನ ಹುಟ್ಟಿದರು; ಅಷ್ಟನ್ನೂ ಅವಳು ತಲೆ ಒಳಕ್ಕೆಳೆದು ಹೊರಚಾಚಿ ನೋಡಿದ್ದಾಳೆ.

ಈ ಕಾಗದ ಆಮೆ ತಂದ ವರ್ಷದ ನಿಮಗೆ, ಹಾಗಾಗಿ ನಿಮ್ಮ ಮೊಮ್ಮಗನನ್ನು ನೀವಿನ್ನೂ ಕಂಡಿಲ್ಲ. ಅವನು ಹುಟ್ಟಲು ಇನ್ನೂ ಒಂಬತ್ತು ವರ್ಷವಿದೆ. ನಿಮ್ಮ ಯಜಮಾನರ ಹೆಸರನ್ನೇ ಇಟ್ಟಿದ್ದಾರೆ: ಪಿಳ್ಳಪ್ಪ. ಎಪ್ಪತ್ತಾರು ವರ್ಷದ ಈ ಪಿಳ್ಳಪ್ಪ ತಾತ ಬೆಳಿಗ್ಗೆ ಎದ್ದ ಕೂಡಲೇ ಮಾತಾಡಿಸುವುದು ಬೊಟ್ಟಮ್ಮನನ್ನು, ಆಮೇಲೆ ನಮ್ಮನ್ನು. ಚಳಿಗಾಲದಲ್ಲಿ ಅವಳಿಗೆ ಬಿಸಿಲು ಬೀಳುವಂತೆ ಹಿತ್ತಿಲ ಗೋಡೆಯನ್ನೇ ಎರಡು ಮೊಳ ಇಳಿಸಿದ. ಆದರೆ ಪರವಾನಗಿ ಮಾಡಿಸಿರಲಿಲ್ಲ. ಕೇಳಿದರೆ, ಅವಳು ನನಗಿಂತ ದೊಡ್ಡವಳು, ಬೇಕಾದರೆ ಅವಳೇ ನನಗೆ ಮಾಡಿಸಲಿ ಎನ್ನುತ್ತಿದ್ದ.

ದೂರು ಕೊಟ್ಟವಳು ನಾನು. ಪ್ರಾಣಿ ಬಿಡುಗಡೆ ಸಂಘದವರು ಬಸ್ ನಿಲ್ದಾಣದಲ್ಲಿ ಹಂಚುವ ಕರಪತ್ರಗಳನ್ನು ಹದಿನಾಲ್ಕನೆಯ ವಯಸ್ಸಿನಿಂದ ಓದಿದ್ದೇನೆ, ಒಂದೊಂದು ಸಾಲೂ ನನಗೆ ಬಾಯಿಪಾಠ. ಅವು ಹೇಳುವುದು ಸರಿ ಎಂದು ಇವತ್ತಿಗೂ ನಂಬುತ್ತೇನೆ. ಪ್ರೀತಿಯ ಹೆಸರಿನಲ್ಲಿ ಇಟ್ಟ ಬೇಲಿಯೂ ಬೇಲಿಯೇ. ಬೇರೆಯವರ ಮನೆ ಬಾಗಿಲಿಗೆ ಆ ಕರಪತ್ರ ಅಂಟಿಸಿ ಬಂದು, ನಮ್ಮ ಹಿತ್ತಿಲಲ್ಲಿ ಪರವಾನಗಿಯಿಲ್ಲದ ಆಮೆಗೆ ಸೊಪ್ಪು ಹಾಕುವುದು ನನ್ನಿಂದಾಗಲಿಲ್ಲ. ಆಮೆ ಕಚೇರಿಗೆ ಹೋಗಿ ತಾತನ ಹೆಸರು ಬರೆಸಿದೆ. ಮನೆಗೆ ಬಂದು ಹೇಳಿದೆ. ಅಮ್ಮ ಅತ್ತಳು. ತಾತ ಸೊಪ್ಪು ಹೆಚ್ಚುತ್ತಿದ್ದವನು ತಲೆ ಎತ್ತಲಿಲ್ಲ.

"ಒಳ್ಳೇದಾಯ್ತು ಬಿಡಮ್ಮ. ನನ್ನ ಯಾವ್ ಗುಡ್ಡಕ್ಕೆ ಬಿಡ್ತೀಯ, ಅದ್ನೂ ಅದೇ ಕಾಗ್ದದಲ್ಲಿ ಬರ್ಸ್‌ಬಿಟ್ರೆ ಎರಡು ಸಲ ಓಡಾಡೋದು ತಪ್ಪುತ್ತೆ."

ಮರುದಿನ ನೆಲಗಾತಿ ಬಂದಳು. ಯಾವ ಜೀವಿ ಯಾವ ಮಣ್ಣಿನದು ಎಂದು ನೋಡಿ ತೀರ್ಮಾನಿಸುವ ಅಧಿಕಾರಿಯನ್ನು ಹೀಗೆ ಕರೆಯುತ್ತೇವೆ; ನಮ್ಮ ಭಾಗಕ್ಕೆ ಮೆಹರಾಜ್ ಎಂಬಾಕೆ. ಆಕೆ ಹೇಳಿದ್ದನ್ನು ನಿಮಗೂ ತಿಳಿಸುತ್ತೇನೆ, ಏಕೆಂದರೆ ನಮ್ಮ ಪರವಾನಗಿ ನೀವು ಊಹಿಸುವಂಥದ್ದಲ್ಲ. ಅದರಲ್ಲಿ 'ಮಾಲೀಕ' ಎಂಬ ಪದವಿಲ್ಲ, 'ಜೊತೆಗಾರ' ಎಂದಿದೆ. ಮೇಲೆ ಆಮೆಯ ಹೆಸರು, ಕೆಳಗೆ ನಮ್ಮದು. ಜೊತೆಗಾರರು ಇಬ್ಬರಿರಬೇಕು, ಒಬ್ಬರಿಗೆ ಇಪ್ಪತ್ತು ತುಂಬಿರಬಾರದು, ಏಕೆಂದರೆ ಆಮೆ ನಮಗಿಂತ ಹೆಚ್ಚು ಬಾಳುತ್ತದೆ. ಟೈಲ್ಸ್ ನೆಲದ ಮೇಲೆ ನಡೆಸಬಾರದು, ಯಾರಿಗೂ ಉಡುಗೊರೆ ಕೊಡಬಾರದು, ಅಪಾಯವಿಲ್ಲದೆ ನೆಲದಿಂದ ಎತ್ತಬಾರದು. ಎಲ್ಲಕ್ಕಿಂತ ಮೊದಲು ತೆರೆಬಾಗಿಲು ನಡೆಯಬೇಕು. ಏಳು ದಿನ ಮನೆಯ ಎಲ್ಲ ಬಾಗಿಲು, ಗೇಟು ತೆಗೆದಿಡಬೇಕು. ಆಮೆಗೆ ಏನನ್ನೂ ತಿನ್ನಿಸಬಾರದು, ಕರೆಯಬಾರದು. ಹೊರಟರೆ ಹಿಂದೆ ನಡೆಯಬಹುದು, ಮುಂದೆ ಹೋಗುವಂತಿಲ್ಲ. ಏಳನೆಯ ದಿನ ಮನೆಯಲ್ಲಿದ್ದರೆ ಪರವಾನಗಿ, ಇಲ್ಲದಿದ್ದರೆ ಅವಳು ನಿಂತದ್ದೇ ಅವಳ ನೆಲ.

ಎರಡು ದಿನ ಬೊಟ್ಟಮ್ಮ ದಾಸವಾಳದ ಬುಡದಿಂದ ಕದಲಲಿಲ್ಲ. ತಾತ ನನ್ನ ಕಡೆ ಗೆದ್ದವನ ಹಾಗೆ ನೋಡುತ್ತಿದ್ದ. ಮೂರನೆಯ ದಿನ ಬಿಸಿಲೇರಿದ ಮೇಲೆ ಅವಳು ಎದ್ದು, ಗೇಟು ದಾಟಿ, ಬೀದಿಗಿಳಿದಳು. ತಾತ ಕೊಡೆ, ಮಡಚು ಕುರ್ಚಿ ಹಿಡಿದು ಹಿಂದೆ ಹೊರಟ. ಅವಳು ನಿಂತರೆ ಕುರ್ಚಿ ಹಾಕಿ ಕೂರುವುದು, ನಡೆದರೆ ಮಡಚಿ ನಡೆಯುವುದು. ಬೀದಿಯ ಗಾಡಿಗಳೆಲ್ಲ ನಿಂತವು. ಆಮೆ ದಾಟುವಾಗ ಚಕ್ರ ಉರುಳುವಂತಿಲ್ಲ. ಎದುರುಮನೆಯ ಅಶ್ವತ್ಥಮ್ಮ ಜಗಲಿಯಿಂದಲೇ ಕೆಣಕಿದಳು.

"ಏನ್ ಪಿಳ್ಳಪ್ಪ, ದಿಬ್ಬಣ ಎಲ್ಲಿಗೆ?"

"ನನ್ನೇನ್ ಕೇಳ್ತೀಯ, ಹೆಣ್ಣಿನ್ ಕಡೆಯೋರ್ನ ಕೇಳು."

ಎರಡು ದಿನದಲ್ಲಿ ಅವಳು ನಡೆದದ್ದು ಆರುನೂರು ಅಡಿ. ಆಮೇಲೆ ನಮ್ಮ ಬೀದಿಯ ಮುಳ್ಳುಬಿಡು ಬಂತು. ಪ್ರತಿ ಬೀದಿಯವರೂ ಒಂದಿಷ್ಟು ಜಾಗವನ್ನು ಮುಳ್ಳಿಗೆ, ಹುಲ್ಲಿಗೆ, ಹರಿದಾಡುವವಕ್ಕೆ ಬಿಟ್ಟುಕೊಡಬೇಕು; ಅದೇ ಮುಳ್ಳುಬಿಡು. ಅಲ್ಲಿಗೆ ಮನುಷ್ಯರು ಕಾಲಿಡುವಂತಿಲ್ಲ. ಬೊಟ್ಟಮ್ಮ ತಂತಿಬೇಲಿಯ ಅಡಿಯಲ್ಲಿ ನುಸುಳಿ, ಕಾರೆ ಪೊದೆಯ ಕೆಳಗೆ ಬಿದ್ದಿದ್ದ ಹಣ್ಣಿಗೆ ಬಾಯಿ ಹಾಕಿದಳು. ತಿರುಗಿ ನೋಡಲಿಲ್ಲ. ಇಂಥ ಕಡೆ ನನ್ನ ಕರಪತ್ರಗಳಲ್ಲಿ ಚಪ್ಪಾಳೆ ಇರುತ್ತದೆ. ನಾನು ಕೈ ಎತ್ತಿದೆ, ಹಾಗೇ ಇಳಿಸಿದೆ. ತಾತ ಬೇಲಿಯ ಈಚೆ ನಿಂತಿದ್ದ. ಕುರ್ಚಿ ಬಿಚ್ಚಿರಲಿಲ್ಲ.

ಏಳನೆಯ ದಿನದವರೆಗೂ ಅವನು ಅಲ್ಲೇ ಕೂತ. ಅವಳು ಪೊದೆಯಿಂದ ಹೊರಬಂದರೆ ನಮ್ಮನ್ನು ಕೂಗಿ ಹೇಳುತ್ತಿದ್ದ. ಎಂಬತ್ತೈದು ವರ್ಷದ ಮೇಲೆ ಮೊದಲ ಸಲ ಅವಳು ತಾನೇ ಹುಡುಕಿಕೊಂಡ ಊಟ ಮಾಡುತ್ತಿದ್ದಾಳೆ ಎಂದು ನಾನು ಹೇಳಿದೆ. ಚೆನ್ನಾಗಿ ತಿಂತಾಳೆ ಎಂದ, ಅಷ್ಟೇ. ಊಟಕ್ಕೆ ಕರೆದರೆ ಬರಲಿಲ್ಲ. ಕಡೆಗೆ ಮೆಹರಾಜ್ ಬಂದು ಪೊದೆಯನ್ನು ನೋಡಿ, ತಾತನನ್ನು ನೋಡಿ, ಕಾಗದ ಬರೆದುಕೊಂಡಳು.

"ತಾತ, ಅವ್ಳಿಗೆ ಇನ್ ಯಾರ್ ಪರ್ಮಿಶನ್ನೂ ಬೇಡ. ಈಗ ಪರ್ಮಿಟ್ ಬೇಕಾಗಿರೋದು ನಿಮ್ಗೆ."

ಮುಳ್ಳುಬಿಡಿನೊಳಕ್ಕೆ ದಿನಕ್ಕೊಂದು ಗಂಟೆ ಹೋಗಿ ಕೂರಲು ಮನುಷ್ಯನಿಗೆ ಪರವಾನಗಿ ಕೊಡುವ ಒಂದು ಕಲಂ ಕಾಯ್ದೆಯಲ್ಲಿದೆ. ನಮ್ಮ ಊರಿನಲ್ಲಿ ಯಾರಿಗೂ ಈವರೆಗೆ ಸಿಕ್ಕಿಲ್ಲ. ಬೀದಿಯವರೆಲ್ಲ ಸೇರಿ ವಿಚಾರಣೆ ಮಾಡಿ ಒಪ್ಪಬೇಕು. ಸಿಗದಿದ್ದರೆ ತಾತ ಬೇಲಿಯ ಈಚೆಯೇ. ಅವನ ಕಣ್ಣು ಮಂಜಾಗಿದೆ. ಮಳೆ ಬಿದ್ದು ಹುಲ್ಲು ಎದ್ದ ಮೇಲೆ ಬೇಲಿಯಿಂದ ಅವನಿಗೆ ಅವಳು ಕಾಣುವುದಿಲ್ಲ.

ಆ ಅರ್ಜಿಯನ್ನು, ಅದರ ಜೊತೆಗೂ ಬೇಕಾದ ಈ ಕಾಗದವನ್ನು ಬರೆಯುತ್ತಿರುವವಳು ನಾನು. ಮುಳ್ಳಿನೊಳಗೆ ಮನುಷ್ಯ ಬೇಡ ಎಂದು ಇದೇ ಬೇಲಿಗೆ ಹೋದ ವರ್ಷ ಹಲಗೆ ಕಟ್ಟಿದವಳೂ ನಾನೇ. ಸಂಘದವರು ಕೇಳಿದರು, ನಿನ್ನ ತಾತನಿಗಾದರೆ ನ್ಯಾಯ ಬೇರೆಯೇ ಎಂದು. ಅದಕ್ಕೆ ಉತ್ತರವನ್ನು ವಿಚಾರಣೆಯಲ್ಲಿ ಹೇಳುತ್ತೇನೆ: ತಾತ ಅವಳನ್ನು ವಾಪಸ್ಸು ಕೇಳುತ್ತಿಲ್ಲ. ಅವಳಿರುವಲ್ಲಿಗೆ ತಾನು ಬರಬಹುದೇ ಎಂದು ಕೇಳುತ್ತಿದ್ದಾನೆ. ನಮ್ಮ ಮನೆತನದಲ್ಲಿ ಅವಳಿಗೆ ಸಂಬಂಧಪಟ್ಟದ್ದನ್ನು ಮೊದಲು ಕೇಳಿ ಮಾಡುತ್ತಿರುವವನು ಅವನೊಬ್ಬನೇ.

ಇಲ್ಲಿ ನಾನು ನಿಮಗೆ ಒಂದು ಸಾಲು ಬರೆಯಬೇಕಿತ್ತು: ಆ ಮರಿಯನ್ನು ಇವತ್ತೇ ಅರಣ್ಯ ಕಚೇರಿಗೆ ಒಪ್ಪಿಸಿ ಎಂದು. ನಿಮ್ಮ ಕಾಲದ ಕಾನೂನಿಗೂ ನನ್ನ ಕರಪತ್ರಗಳಿಗೂ ಅದೇ ಸರಿ. ಮೂರು ಸಲ ಬರೆದು ಮೂರು ಸಲವೂ ಹೊಡೆದುಹಾಕಿದೆ. ನೀವು ಒಪ್ಪಿಸಿದರೆ ಐದು ವರ್ಷದ ಪಿಳ್ಳಪ್ಪನಿಗೆ ಹಿತ್ತಿಲಲ್ಲಿ ಯಾರೂ ಇರುವುದಿಲ್ಲ. ಇದು ನನ್ನ ದೌರ್ಬಲ್ಯ, ನಿಮಗೆ ನೆಪವಲ್ಲ. ಸರಿಯಾದದ್ದನ್ನು ನೀವೇ ಯೋಚಿಸಿ. ನಾನು ಒಪ್ಪಿಸಬೇಡಿ ಎಂದೂ ಬರೆಯುತ್ತಿಲ್ಲ.

ತಂದವರನ್ನು ವಿಚಾರಣೆಗೆ ಕರೆಯಬೇಕು ಎಂಬುದು ಕಾಯ್ದೆಯ ಕೊನೆಯ ಮಾತು. ಹೆಚ್ಚಿನವರು ಅದನ್ನು ಶಾಸ್ತ್ರಕ್ಕೆ ಬರೆಯುತ್ತಾರೆ. ನಾನು ನಿಜವಾಗಿಯೇ ಕರೆಯುತ್ತಿದ್ದೇನೆ, ಮುನಿಲಕ್ಷ್ಮಮ್ಮನವರೇ. ನಿಮ್ಮನ್ನು ಬೈಯುವವರು ಅಲ್ಲಿ ಇರುತ್ತಾರೆ, ನಾನೂ ಒಬ್ಬಳು. ನಿಮ್ಮ ಮೊಮ್ಮಗ ಮಾತ್ರ ಎದ್ದುನಿಂತು ನಮಸ್ಕಾರ ಮಾಡುತ್ತಾನೆ. ವಿಚಾರಣೆ ಮುಳ್ಳುಬಿಡಿನ ಬೇಲಿಯ ಹತ್ತಿರವೇ; ಜಾಗ ನಿಮಗೆ ಗೊತ್ತಿರುವುದೇ, ನಿಮ್ಮ ಕಾಲದ ಟೊಮೇಟೊ ಮಂಡಿಯ ಹಿಂದಿನ ಬೀಳು. ಅಂಗಡಿ ತೆಗೆಯುವ ಮುಂಚೆ ಬಂದು ನಿಲ್ಲಿ. ನಿಮ್ಮ ಕಾಲದ ಕಡೆ ನೀವು, ನಮ್ಮ ಕಾಲದ ಕಡೆ ನಾವು.

ಮಾರ್ಚ್ ಎಂಟು, ಭಾನುವಾರ, ಬೆಳಿಗ್ಗೆ ಏಳು ಗಂಟೆಗೆ.