ಜೊಂಡಿನೊಳಗಿನ ನಲವತ್ತೇಳು ಕೋಳಿಗಳು ನನ್ನವಲ್ಲ

ಕೆರೆ ಅಭಿವೃದ್ಧಿಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನಾನು ಕೋಳಿ ಸಾಕಿಲ್ಲ. ಒಂದನ್ನೂ ಸಾಕಿಲ್ಲ. ಆದರೂ ದೋರನಹಳ್ಳಿ ಹತ್ತಿರದ ಕೆರೆಯಂಗಳದಲ್ಲಿ “ಅನಧಿಕೃತವಾಗಿ ಸಾಕಿರುವ ನಲವತ್ತೇಳು ಕೋಳಿಗಳನ್ನು ಏಳು ದಿನಗಳೊಳಗಾಗಿ ತೆರವುಗೊಳಿಸತಕ್ಕದ್ದು” ಎಂದು ತಮ್ಮ ಕಚೇರಿಯಿಂದ ನನಗೆ ನೋಟಿಸು ಬಂದಿದೆ. ಬರುವ ಸೋಮವಾರ ಅಲ್ಲಿ ಜೆಸಿಬಿ ಇಳಿದು, ಜೊಂಡನ್ನೆಲ್ಲ ಕಿತ್ತು, ದೋಣಿವಿಹಾರಕ್ಕೆ ಜಾಗ ಮಾಡುತ್ತದಂತೆ. ಆ ಜೊಂಡಿನೊಳಗೆ ಈಗ ಹಕ್ಕಿಗಳು ಮೊಟ್ಟೆಗೆ ಕಾವು ಕೊಡುತ್ತಿವೆ. ತಮ್ಮ ಕಡತದ ಪ್ರಕಾರ ಅಲ್ಲಿ ಹಕ್ಕಿಗಳೇ ಇಲ್ಲ.

ಈ ಪವಾಡ ಹೇಗೆ ನಡೆಯಿತೆಂದು ಹೇಳುತ್ತೇನೆ, ಏಕೆಂದರೆ ನಾನು ಅಲ್ಲೇ ಇದ್ದೆ. ನಾನು ಹಳ್ಳಿಯ ಗ್ರಂಥಾಲಯ ನೋಡಿಕೊಳ್ಳುವವಳು. ಸೋಮವಾರ ನನಗೆ ರಜೆ. ಆ ದಿನ ಗೋಗಿ ಊರಿನ ಚಾಂದಪಾಶಾನ ಆಟೋದಲ್ಲಿ ಕೆರೆ, ಉದ್ಯಾನ ಸುತ್ತಿ ಹಕ್ಕಿ ನೋಡುವುದು ನಮ್ಮಿಬ್ಬರ ಹುಚ್ಚು. ಶ್ರಾವಣದ ಆ ಬೆಳಿಗ್ಗೆ ಏರಿಯ ಮೇಲೆ ಕೂತು ಗುಳುಮುಳುಕ, ದೇವನಕ್ಕಿಗಳನ್ನು ನೋಡಿ, ನೀರುಕೋಳಿಗಳನ್ನು ಎಣಿಸಿ ಮುಗಿಸಿದ್ದೆ. ಆಗ ತಮ್ಮ ಸಿಬ್ಬಂದಿಯೊಬ್ಬರು ಜೀಪಿನಿಂದ ಇಳಿದರು. ಕೈಯಲ್ಲಿ ನಮೂನೆ, ಕಾಲಲ್ಲಿ ಹೊಳೆಯುವ ಬೂಟು. ಏರಿಯಿಂದ ಕೆಳಗಿಳಿದರೆ ಬೂಟು ಕೆಸರಾಗುತ್ತದಲ್ಲ, ಅಲ್ಲಿಂದಲೇ ಜೊಂಡು ಕೊಯ್ಯುವ ಮಲ್ಲಾಬಾಯಿಯನ್ನು ಕೂಗಿ ಕೇಳಿದರು: “ಆ ಜೊಂಡಿನ್ಯಾಗ ಏನದ?”

“ನೀರಕೋಳಿ ಅದಾವ್ರಿ ಸಾಹೇಬ್ರ. ತತ್ತಿ ಇಟ್ಟಾವ. ಶ್ರಾವಣ ಮುಗಿಯೋತನಕ ನಾವು ಜೊಂಡಿಗಿ ಕುಡಗೋಲು ಹಚ್ಚಂಗಿಲ್ರಿ.”

ಎಷ್ಟಿವೆ ಎಂದರು. ನಲವತ್ತೇಳು ಎಂದೆ. ಹೆಸರು, ವಿಳಾಸ ಕೇಳಿದರು. ಹಕ್ಕಿಯ ಲೆಕ್ಕ ಕೇಳುವ ಸರ್ಕಾರವೂ ಉಂಟಲ್ಲ ಎಂದು ಉಬ್ಬಿಹೋಗಿ ಎರಡನ್ನೂ ಕೊಟ್ಟೆ. ನನ್ನ ದಡ್ಡತನ! ನೋಟಿಸು ಬಂದ ಮೇಲೆ ನಕಲು ಕೇಳಿ ತರಿಸಿ ನೋಡಿದರೆ ಆ ನಮೂನೆಯಲ್ಲಿ ಹೀಗಿದೆ: ನೀರು – ಇದೆ. ಕೋಳಿ – ನಲವತ್ತೇಳು. ಮಾಲೀಕರು – ಭಾಗ್ಯ. ಕಾಡುಪಕ್ಷಿ – ಇಲ್ಲ. ಮಲ್ಲಾಬಾಯಿ ಒಂದೇ ಉಸಿರಿನಲ್ಲಿ ಹೇಳಿದ ಒಂದು ಪದವನ್ನು ತಮ್ಮವರು ಎರಡು ತುಂಡು ಮಾಡಿ ಎರಡು ಕಾಲಂಗಳಿಗೆ ಹಂಚಿದ್ದಾರೆ. ಹೀಗಾದರೆ ನಾಳೆ ನೀರಹಾವು ಕಂಡರೆ ನನ್ನನ್ನು ಹಾವಾಡಿಗಿತ್ತಿ ಎಂದು ಬರೆಯುತ್ತೀರಾ?

ತಿದ್ದಿಸಲು ಯಾದಗಿರಿಗೆ ಹೋದೆ. ಮೂರು ಸಲ ಹೋದೆ. ಮೂರನೆಯ ಸಲ ಗುಮಾಸ್ತರು ಕಡತದಿಂದ ತಲೆ ಎತ್ತಿದರು. ನೀರುಕೋಳಿ ಎಂದರೆ ಮನೆಯ ಕೋಳಿಯಲ್ಲ, ಕೆರೆಯಲ್ಲಿ ತಾನಾಗಿ ಬದುಕುವ ಹಕ್ಕಿ ಎಂದು ಪುಸ್ತಕ ಬಿಚ್ಚಿ ಚಿತ್ರ ತೋರಿಸಿದೆ.

“ಅದೆಲ್ಲ ಖರೇ ಮೇಡಂ. ಆದ್ರ ಎಂಟ್ರಿ ಆಗಿಬಿಟ್ಟದ. ನೀವು ಕೋಳಿ ತಗದೇನಿ ಅಂತ ಬರಕೊಡ್ರಿ, ಫೈಲ್ ಮುಗೀತದ.”

“ಅವು ನನ್ನವಲ್ಲಂದ್ರ ಹ್ಯಾಂಗ ತಗೀಲ್ರಿ? ತತ್ತಿ ಮ್ಯಾಲ ಕುಂತಾವ.”

“ಕೋಳಿನ ಕೇಳಿ ಮಸಾಲಿ ಅರೀತಾರೇನ್ರಿ?” ಎಂದು ನಕ್ಕರು. ಪಕ್ಕದ ಮೇಜಿನವರೂ ನಕ್ಕರು. ನನಗೆ ಅಳು ಬಂತು, ಅಲ್ಲಿ ಅಳಲಿಲ್ಲ. ಹೊರಗೆ ಆಟೋದಲ್ಲಿ ಕಾಯುತ್ತಿದ್ದ ಚಾಂದಪಾಶಾ, “ಅಕ್ಕಾ, ಸಾಲಿ ಕಲಿತವ್ರಿಗಿ ತಿಳಿಸೂದೇ ಭಾಳ ತ್ರಾಸ ಆಗಿಬಿಟ್ಟದ ನೋಡ್ರಿ,” ಎಂದ.

ದೋಣಿ ಬೇಡ ಎನ್ನುವಷ್ಟು ಅರಸಿಕಳು ನಾನಲ್ಲ. ನಮ್ಮ ಮಕ್ಕಳೂ ದೋಣಿಯಲ್ಲಿ ಕೂರಲಿ. ಆದರೆ ಸುರಪುರದ ದಾರಿಯಲ್ಲಿ ತಾವು ಕಟ್ಟಿಸಿದ ಉದ್ಯಾನವನ್ನೂ ನೀರುಕೋಳಿ ಎಣಿಸಿದ ದಿನವೇ ಮಧ್ಯಾಹ್ನ ನೋಡಿ ಬಂದಿದ್ದೇವೆ. ಅಲ್ಲಿದ್ದ ಹಳೆಯ ಜಾಲಿಗಿಡಗಳು ಹೋಗಿ ಸಿಮೆಂಟಿನ ಕೊಕ್ಕರೆಗಳು ಬಂದಿವೆ. ಪಕ್ಕದ ಫಲಕದಲ್ಲಿ “ಪಕ್ಷಿಗಳನ್ನು ಸಂರಕ್ಷಿಸಿ” ಎಂದಿದೆ. ಎರಡು ತಾಸು ಕೂತರೂ ಒಂದು ಕಾಗೆ ಬಿಟ್ಟು ಮತ್ತೇನೂ ಕಾಣಲಿಲ್ಲ. ಜೀವ ಇದ್ದದ್ದನ್ನು ಕಿತ್ತು ಸಿಮೆಂಟಿನದ್ದನ್ನು ನಿಲ್ಲಿಸಿ, ಅದನ್ನು ಸಂರಕ್ಷಿಸಿ ಎಂದು ಯಾರಿಗೆ ಹೇಳುತ್ತಿದ್ದೀರಿ? ಕುಡಗೋಲಿನ ಮೇಲೆಯೇ ಹೊಟ್ಟೆ ಹೊರೆಯುವ ಮಲ್ಲಾಬಾಯಿಗೆ ಒಂದು ತಿಂಗಳು ಕಾಯುವುದು ಗೊತ್ತಿದೆ. ಸಂಬಳ ಬರುವ ತಮಗೇಕೆ ಇಷ್ಟು ಅವಸರ?

ನನ್ನ ಬೇಡಿಕೆ ದೊಡ್ಡದಲ್ಲ. ಆ ನಮೂನೆಯಲ್ಲಿ ಅಗಲಿಸಿಟ್ಟ ಎರಡು ಪದಗಳನ್ನು ಕೂಡಿಸಿ ಬರೆಯಿಸಿ. ಮರಿಗಳ ರೆಕ್ಕೆ ಬಲಿಯುವತನಕ, ಅಂದರೆ ದೀಪಾವಳಿ ಮುಗಿಯುವವರೆಗೆ, ಯಂತ್ರ ಇಳಿಸಬೇಡಿ. ಆಮೇಲೂ ಮೂಡಣ ದಿಕ್ಕಿನ ಜೊಂಡನ್ನು ಹಾಗೇ ಬಿಡಿ. ಇದು ಆಗದು ಎಂದಾದರೆ ಸೋಮವಾರ ತಾವೇ ಕೆರೆಗೆ ಬರಬೇಕು. ನಿನ್ನೆ ಸಂಜೆ ದಡದಿಂದ ಕೈಗೆಟುಕುವಷ್ಟು ಹತ್ತಿರದ ಗೂಡೊಂದರಲ್ಲಿ ಐದು ಮೊಟ್ಟೆಗಳಿದ್ದವು. ಆದೇಶಕ್ಕೆ ಸಹಿ ಹಾಕಿದ ಕೈಯಿಂದಲೇ ಅವನ್ನು ಎತ್ತಿ, ಎಲ್ಲಿಡಬೇಕೆಂದು ನಮಗೆ ತೋರಿಸಿ. ನನಗಂತೂ ಗೊತ್ತಿಲ್ಲ.

ಇಂತಿ,
ಸರ್ಕಾರದ ಕೃಪೆಯಿಂದ ರಾತ್ರೋರಾತ್ರಿ ಕೋಳಿ ಸಾಹುಕಾರ್ತಿಯಾದ
ಭಾಗ್ಯ
ಶಹಾಪುರ ತಾಲೂಕು