ಕರಿಗುಡ್ಡದ ಬೋರಿಂಗಿಗೆ ಬಳಿದ ಹಸಿರು

8-2-88, ಜಗಳೂರು

ಬೆಳಿಗ್ಗೆಯೇ ಕರೆಂಟು ಇತ್ತು, ಪುಣ್ಯ. ಕಂಪ್ಯೂಟರಿನ ಧೂಳು ಒರೆಸಿ ಎರಡೂ ಫ್ಲಾಪಿ ಹಾಕಿದೆ. ಒಂದರಲ್ಲಿ ದಾವಣಗೆರೆ ಕಾಲೇಜಿನ ಪಂಚಾಕ್ಷರಪ್ಪನವರು ಬರೆದ ಪ್ರೋಗ್ರಾಮು, ಇನ್ನೊಂದರಲ್ಲಿ ನಾನು ಟೈಪು ಮಾಡಿಟ್ಟ ಸೆಟ್ಟಿಂಗು. ರಾಸಾಯನಿಕದ ಹೊಸ ಬಾಟಲಿ ತೆರೆದಾಗಲೆಲ್ಲ ಸೆಟ್ಟಿಂಗಿನ ಅಂಕಿ ಬದಲಾಗುತ್ತದೆ. ಪ್ರೋಗ್ರಾಮು ಮೊದಲು ಆ ಅಂಕಿ ಓದಿಕೊಂಡು, ಮೀಟರು ತೋರಿಸಿದ್ದನ್ನು ಅದರ ಪ್ರಕಾರ ಲೆಕ್ಕ ಹಾಕಿ, ನೀರಿನಲ್ಲಿ ಫ್ಲೋರೈಡು ಎಷ್ಟೆಂದು ಹೇಳುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಬೋರಿಂಗಿಗೆ ಕೆಂಪು ಬಣ್ಣ. ಒಳಗಿದ್ದರೆ ಹಸಿರು.

ಕರಿಗುಡ್ಡದ ಭೀಮಕ್ಕ ಬಂದಿದ್ದರು. ಹೋದ ತಿಂಗಳು ಅವರ ಕೇರಿಯ ಬೋರಿಂಗಿಗೆ ಹಸಿರು ಬಳಿದು ಬಂದಿದ್ದೆವು. ಮಡಿಲಲ್ಲಿ ಅವರೆಕಾಯಿ. ಯಾರಿಂದಲೂ ಏನೂ ತೆಗೆದುಕೊಳ್ಳಬಾರದೆಂದು ನೀರು ಪರೀಕ್ಷಿಸುವ ನಮ್ಮ ಸಂಸ್ಥೆಯ ನಿಯಮ... ತೆಗೆದುಕೊಂಡೆ.

"ಊರ ಬಾವಿ ಮುಂದೆ ಕೊಡ ಇಟ್ಕಂಡು, ಯಾರಾದ್ರೂ ನೀರು ಹಾಕ್ರಪ್ಪಾ ಅಂತ ಕಾಯೋದು ತಪ್ತು ಅಮ್ಮಾರೆ. ಈಗ ನಮ್ಮ ನೀರು ನಮ್ಮ ಮನೆ ಮುಂದೈತೆ."

ಹೊನ್ನಾಳಿಯವಳು ನಾನು. ಹೊಳೆ ನೀರು ಕುಡಿದು ಬೆಳೆದವಳು. ನೀರಿಗೆ ಕಾಯುವುದು ಗೊತ್ತೇ ಇರಲಿಲ್ಲ. ಆದರೆ ನಮ್ಮಲ್ಲೂ ಹೊಳೆಗೆ ಇಳಿಯುವ ಜಾಗ ಕೇರಿಯವರಿಗೆ ಬೇರೆ, ನಮಗೆ ಬೇರೆ. ಚಿಕ್ಕಂದಿನಲ್ಲಿ ಯಾಕೆಂದು ಕೇಳಿರಲಿಲ್ಲ.

22-2-88

ಏನೋ ಸರಿಯಿಲ್ಲ. ನಾನೇ ಫ್ಲೋರೈಡು ಅಳೆದು ಬೆರೆಸಿದ ನೀರು — ಪರೀಕ್ಷಿಸಿದರೆ ನಾಲ್ಕು ಬರಬೇಕು. ಒಂದೂಕಾಲು ಅಂದಿತು. ಮತ್ತೆ ಹಾಕಿದೆ. ಒಂದೂಕಾಲು.

ಸೆಟ್ಟಿಂಗಿನ ಫ್ಲಾಪಿಯನ್ನು ಪೂರ್ತಿ ಹೊರಗೆ ತೆಗೆದು ಶುರು ಮಾಡಿದೆ. ನಿಲ್ಲಬೇಕಲ್ಲ? ನಿಲ್ಲಲಿಲ್ಲ. ಏನೂ ಕೇಳಲಿಲ್ಲ. ಅದೇ ಒಂದೂಕಾಲು.

ಅಂದರೆ ಅದು ನನ್ನ ಸೆಟ್ಟಿಂಗು ಓದುತ್ತಲೇ ಇಲ್ಲ. ಯಾವಾಗಿನಿಂದ?

ದಾವಣಗೆರೆಗೆ, ಪಂಚಾಕ್ಷರಪ್ಪನವರಿಗೆ ಟ್ರಂಕ್ ಕಾಲ್ ಬುಕ್ ಮಾಡಿದೆ.

24-2-88

ಪಂಚಾಕ್ಷರಪ್ಪನವರು ಬಂದಿದ್ದರು. ಕಾಲೇಜಿಗೆ ರಜೆ ಹಾಕಿ. ಸೆಟ್ಟಿಂಗಿನ ಫ್ಲಾಪಿ ಹಾಕುವ ಡ್ರೈವ್ ಬಿಚ್ಚಿದರೆ ಒಳಗೆ ಕೆಂಧೂಳು.

"ಧೂಳಿಗೆ ಫೈಲು ಓದಾಕೆ ಆಗಿಲ್ಲ ಮೇಡಂ. ಓದಾಕೆ ಆಗದಿದ್ರೆ, ನಾನು ಒಳಗೇ ಬರೆದಿಟ್ಟ ಅಂಕಿ ತಗಂಡು ಮುಂದಕ್ಕೆ ಹೋಗುತ್ತೆ."

"ಹೇಳೋದಿಲ್ವಾ?"

"ಇಲ್ಲ. ಎರರ್ ಅಂತ ಬಂದ್ರೆ ನೀವು ಗಾಬರಿಯಾಗ್ತೀರಿ, ಕೆಲಸ ನಿಂತೋಗುತ್ತೆ... ನಿಲ್ಲಬಾರದು ಅಂತ ಹಂಗೆ ಬರೆದೆ."

"ನಿಲ್ಲಬೇಕಿತ್ತು, ಸರ್."

ತಲೆ ತಗ್ಗಿಸಿದರು. ಒಳ್ಳೆಯವರು. ಅದಕ್ಕೇ ಇನ್ನೂ ಸಂಕಟ.

ಸಂಜೆ ಬಸ್ಸಿನವರೆಗೂ ಕೂತು ತಿದ್ದಿದರು. ಇನ್ನು ಮೇಲೆ ಓದಿದ ಅಂಕಿ ಮೊದಲು ಪರದೆಗೆ ಬರುತ್ತದೆ. ಓದಲಾಗದಿದ್ದರೆ ಹಾಗೆಂದು ಹೇಳಿ ನಿಂತುಬಿಡುತ್ತದೆ. ಎತ್ತಿಟ್ಟಿದ್ದ ಹಳೆಯ ನೀರನ್ನೆಲ್ಲ ಮತ್ತೆ ಪರೀಕ್ಷಿಸಿದೆವು. ಹಸಿರು ಬಳಿದ ಉಳಿದವು ಹೇಗೋ ಒಂದೂವರೆಯ ಈಚೆಗೇ ನಿಂತವು. ದಾಟಿದ್ದು ಒಂದೇ ಬೋರಿಂಗು. ಕರಿಗುಡ್ಡದ ಕೇರಿಯದು. ಮೂರೂಮುಕ್ಕಾಲು.

25-2-88

ಕಾರ್ಯದರ್ಶಿ ಕೊಟ್ರಬಸಪ್ಪನವರಿಗೆ ಹೇಳಿದೆ.

"ಮಾರ್ಚ್ ಕಳೀಲಿ ಶಾಂತಮ್ಮಾ. ಸಂಸ್ಥೆ ನೋಡಾಕೆ ದೊಡ್ಡೋರು ಬರ್ತಾರೆ. ಆಮೇಲೆ ಸದ್ದಿಲ್ದಂಗೆ ಬಣ್ಣ ಬದಲಾಯಿಸಿದ್ರಾತು. ತಪ್ಪು ಮಿಷಿನ್ದು, ನಿಮ್ದೇನೈತೆ?"

"ಅಲ್ಲೀತನಕ ಕುಡಿಯೋದು ಮಕ್ಕಳಲ್ವಾ ಸರ್?"

ಕಿಟಕಿಯ ಕಡೆ ತಿರುಗಿದರು. ಜೀಪು ಸಿಗುವುದಿಲ್ಲ ಎಂದರು. ಬಸ್ಸಿದೆ, ಅಂದೆ.

26-2-88, ಸಂಜೆ

ಕೈಗೆಲ್ಲ ಕೆಂಪು. ಸೀಮೆಎಣ್ಣೆ ಹಾಕಿ ಉಜ್ಜಿದರೂ ಹೋಗಿಲ್ಲ.

ಕರಿಗುಡ್ಡದ ಬೋರಿಂಗಿಗೆ ಬಳಿಯುವಾಗ ಕೇರಿಯ ಹೆಂಗಸರೆಲ್ಲ ಸುತ್ತ ನಿಂತಿದ್ದರು. ಯಾರೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಭೀಮಕ್ಕ ಮಾತ್ರ ಅಂದರು — "ಅವತ್ತು ಹಸ್ರು, ಇವತ್ತು ಕೆಂಪು. ಬಣ್ಣ ನಿಮ್ದು, ಹೊಟ್ಟೆ ನಮ್ದು."

ನಡೆದದ್ದೆಲ್ಲ ಹೇಳಿದೆ. ಮಿಷಿನ್ನು ಓದದೇ ಓದಿದಂತೆ ನಡೆದುಕೊಂಡದ್ದು. ಈ ನೀರು ಕುಡಿಯುತ್ತ ಹೋದರೆ ಮಕ್ಕಳ ಹಲ್ಲು ಕಂದಿ, ಮೂಳೆ ಸೊಟ್ಟಗಾಗುತ್ತದೆಂದು.

"ಮೂಳೆ ಸೊಟ್ಟಗಾಗ್ಲಿ ಅಮ್ಮಾರೆ. ಆ ಬಾವಿ ಮುಂದೆ ಹೋಗಿ ಮತ್ತೆ ನಿಲ್ಲಾಕೆ ನನ್ನ ಕೈಲಿ ಆಗಾದಿಲ್ಲ."

ಅಷ್ಟರಲ್ಲಿ ಅವರ ಮೊಮ್ಮಗಳು ಬೋರಿಂಗಿಗೆ ಬೊಗಸೆ ಒಡ್ಡಿದ್ದಳು. ಭೀಮಕ್ಕ ನೋಡಿದರು. ಹೋಗಿ ಆ ಪುಟ್ಟ ಕೈ ಹಿಡಿದು ನೀರು ಚೆಲ್ಲಿಸಿದರು.

"ಊರ ಬಾವಿ ನೀರು ಚೆನ್ನಾಗೈತಾ?"

"ಐತೆ. ಮುಕ್ಕಾಲು, ಅಷ್ಟೇ. ನಿನ್ನೆ ಮತ್ತೆ ನೋಡಿದೆ."

"ಹಂಗಾರೆ ಬರ್ರಿ ಜತೆಗೆ. ಬಣ್ಣ ಬಳ್ದು ಬಸ್ಸು ಹತ್ತಂಗಿಲ್ಲ ನೀವು."

ಹೋದೆವು. ಊರ ಬಾವಿಯ ಕಟ್ಟೆಯ ಮೇಲೆ ಊರ ಹಿರಿಯ ಷಣ್ಮುಖಪ್ಪನವರು ಕೂತಿದ್ದರು. "ಕೊಡ ಅಲ್ಲೇ ಇಡ್ರಿ, ನಮ್ಮೋರು ಹಾಕ್ತಾರೆ. ಯಾವತ್ತು ಇಲ್ಲ ಅಂದೀವಿ?"

"ಹಾಕಿದ್ದು ಸಾಕು ಯಜಮಾನ್ರೆ," ಅಂದರು ಭೀಮಕ್ಕ. "ಇನ್ನ ಮೇಲೆ ನಾವೇ ಸೇದ್ಕಂತೀವಿ." ಹಗ್ಗ ಹಿಡಿದು ಒಂದು ಕೊಡ ಸೇದಿ ಇಟ್ಟರು.

ಷಣ್ಮುಖಪ್ಪನವರು ನನ್ನ ಹಣೆಯ ವಿಭೂತಿ ನೋಡಿದರು. "ನೀನು ನಮ್ಮೋಳೇ ಅಲ್ವೇನಮ್ಮಾ?"

"ಹೌದು," ಅಂದೆ. ಅಂದು, ಇನ್ನೊಂದು ಕೊಡದ ಕೊರಳಿಗೆ ಕುಣಿಕೆ ಬಿಗಿದು ಭೀಮಕ್ಕನ ಕೈಗೆ ಕೊಟ್ಟೆ.

ಯಜಮಾನರು ಎದ್ದು ಹೋದರು. ಯಾರೂ ತಡೆಯಲಿಲ್ಲ. ರಾಟೆಯ ಸದ್ದೊಂದೇ.

7-3-88

ಕೊಟ್ರಬಸಪ್ಪನವರು ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ. ಕರಿಗುಡ್ಡದಲ್ಲಿ ಊರಿನವರು ಆ ಬಾವಿಯ ನೀರು ಬಿಟ್ಟರಂತೆ. ದೂರದ ತೋಟದ ಬಾವಿಯಿಂದ ಹೊರುತ್ತಾರಂತೆ. ಭೀಮಕ್ಕ ದಿನವೂ ಅಲ್ಲೇ ಸೇದುತ್ತಿದ್ದಾರೆ.

ಇದೇನಾ ನಾನು ಮಾಡಿದ್ದು?

14-3-88

ಷಣ್ಮುಖಪ್ಪನವರು ಒಬ್ಬರೇ ಬಂದರು. ಟವೆಲಿನಲ್ಲಿ ಸುತ್ತಿದ ಬಾಟಲಿ. ಊರ ಬಾವಿಯ ನೀರು.

"ಅವರು ಮುಟ್ಟಿದ ಮ್ಯಾಲೆ ಹೆಂಗಾಗೈತೆ, ನೋಡಿ ಹೇಳಮ್ಮ."

ಪ್ರೋಗ್ರಾಮು ಶುರು ಮಾಡಿದೆ. ಸೆಟ್ಟಿಂಗು ಓದಲಾಗಲಿಲ್ಲ ಎಂದು ನಿಂತಿತು.

"ಯಾಕೆ ನಿಂತು?"

"ಗೊತ್ತಿಲ್ಲದ್ದನ್ನ ಈಗ ಹೇಳೋದಿಲ್ಲ ಅದು."

ಡ್ರೈವ್ ಒರೆಸಿದೆ. ಮತ್ತೆ ಹಾಕಿದೆ. ನನ್ನ ಅಂಕಿಗಳು ಒಂದೊಂದಾಗಿ ಪರದೆಗೆ ಬಂದವು. ಸರಿ ಇವೆ. ಆಮೇಲೆ ನೀರಿನದು. ಮುಕ್ಕಾಲು.

"ಮೊದಲು ಎಷ್ಟಿತ್ತು?"

"ಇಷ್ಟೇ."

"ಇನ್ನೊಂದ್ಸಲ ನೋಡು."

ಮುಕ್ಕಾಲು.

"ಮನೇಲಿ ಸೊಸೆ ಬಸುರಿ. ತೋಟದಿಂದ ಹೊತ್ತು ಹೊತ್ತು..." ಬಾಟಲಿಯಲ್ಲಿ ಇನ್ನೂ ಅರ್ಧ ನೀರಿತ್ತು. ಅದನ್ನೇ ನೋಡುತ್ತಿದ್ದರು. ಒಂದು ಲೋಟ ತೊಳೆದು ತಂದು ಅವರ ಮುಂದಿಟ್ಟೆ. ನನ್ನ ಮುಖ ನೋಡಿದರು. ಬಾಟಲಿ ಎತ್ತಿಕೊಂಡು ಮುಚ್ಚಳ ತಿರುವಿ ತೆಗೆದರು, ಆಮೇಲೆ ಲೋಟಕ್ಕೆ ಬಗ್ಗಿಸಿಕೊಂಡು ಕುಡಿದರು.